ಚಿಲಿಯ ಗಡಿಯಲ್ಲಿ ಅತ್ತೆಯ ನಿಂಬೆಹಣ್ಣು

ಕೆಲವರಿಗೆ ದಾರಿಯಲ್ಲಿ ಬೆಕ್ಕು ಅಡ್ಡ ಬರುತ್ತದೆ. ನನಗೆ ನಗೆಪಾಟಲು ಅಡ್ಡ ಬರುತ್ತದೆ. ಹಲಸೂರಿನ ಮನೆಯಿಂದ ಕುಕ್ ಟೌನ್‌ನ ಶಾಲೆಗೆ ಹೋಗಿ ಬರುವಷ್ಟರಲ್ಲೇ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ. ನಾನು ಮಾತು ಕಡಿಮೆ ಆಡುವವಳು, ಎಲ್ಲವನ್ನೂ ಎರಡು ಸಲ ನೋಡಿ ಹೆಜ್ಜೆ ಇಡುವವಳು. ಆದರೂ ಬಿಡುವುದಿಲ್ಲ. ಹಾಗಿರುವಾಗ ಎರಡು ದೇಶಗಳ ಗಡಿಯನ್ನು ಒಬ್ಬಳೇ ಬಸ್ಸಿನಲ್ಲಿ ದಾಟಲು ಹೊರಟರೆ ಅದು ಮನೆಯಲ್ಲೇ ಉಳಿದೀತೇ?

ಎಂಟನೇ ತರಗತಿಗೆ ಭೂಗೋಳ ಕಲಿಸುವವಳು ನಾನು. ಪ್ರತಿ ವರ್ಷ ದಕ್ಷಿಣ ಅಮೆರಿಕದ ಪಾಠ ಬಂದಾಗ ಆಂಡೀಸ್ ಪರ್ವತವನ್ನು ಸೀಮೆಸುಣ್ಣದಲ್ಲಿ ಹಲಗೆಯ ಉದ್ದಕ್ಕೂ ಎಳೆದು, ಗಂಟೆ ಹೊಡೆದ ಮೇಲೆ ಅಳಿಸಿಬಿಡುತ್ತಿದ್ದೆ. ನಮ್ಮ ಮನೆಯವರು ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯಲ್ಲಿದ್ದರು. "ನೋಡ್ದೇ ಇರೋ ಬೆಟ್ಟಾನ ಎಷ್ಟು ವರ್ಷ ಪಾಠ ಮಾಡ್ತೀಯೇ? ನಾನು ರಿಟೈರ್ ಆಗ್ಲಿ, ಬಸ್ಸಲ್ಲೇ ದಾಟಿಸ್ತೀನಿ" ಎನ್ನುತ್ತಿದ್ದರು. ವಿಮಾನ ಯಾಕಾಗದು ಎಂದರೆ, "ವಿಮಾನದಲ್ಲಿ ಬೆಟ್ಟ ಕೆಳಗಿರತ್ತೆ. ಬೆಟ್ಟ ಮೇಲಿರ್ಬೇಕು, ನಾವು ಕೆಳಗಿರ್ಬೇಕು" ಎನ್ನುವುದು ಅವರ ವಾದ.

ರಿಟೈರ್ ಆಗುವ ಮುಂಚೆಯೇ ಒಂದು ಬೆಳಿಗ್ಗೆ ಎದೆನೋವೆಂದವರು ಹೋಗಿಬಿಟ್ಟರು. ಆಮೇಲೆ ಎರಡು ವರ್ಷ, ಆ ಪಾಠ ಬಂದಾಗಲೆಲ್ಲ ನಾನು ಪಕ್ಕದ ತರಗತಿಯ ಮೇಷ್ಟರಿಗೆ ಒಪ್ಪಿಸಿ ಸ್ಟಾಫ್ ರೂಮಿನಲ್ಲಿ ಕೂತೆ. ಆಂಡೀಸ್ ಎಂಬ ಪದ ಬಾಯಿಗೆ ಬರುತ್ತಿರಲಿಲ್ಲ. ಮೂರನೇ ವರ್ಷವೂ ಹೀಗೇ ಆದರೆ ಇದು ರೂಢಿಯಾಗಿಬಿಡುತ್ತದೆ ಎನ್ನಿಸಿತು. ಬೇಸಿಗೆ ರಜದಲ್ಲಿ ಹೋಗಿ ದಾಟಿ ಬರುವುದು, ಬಂದು ಪಾಠವನ್ನು ನಾನೇ ಮಾಡುವುದು ಎಂದು ತೀರ್ಮಾನಿಸಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಚಿಲಿಯ ಸಾಂಟಿಯಾಗೋದಲ್ಲಿ ಕೆಲಸದಲ್ಲಿದ್ದಳು. "ಬನ್ನಿ ಮಿಸ್, ಬಸ್ ಸ್ಟ್ಯಾಂಡಿಗೇ ಬಂದು ಕರ್ಕೊಂಡು ಹೋಗ್ತೀನಿ" ಎಂದಳು.

ಅಲ್ಲಿಂದ ಶುರುವಾಯಿತು.

೧. ವೀಸಾ ಬೇಡದ ದಾರಿ

ಶಿವಾಜಿನಗರದ ಟ್ರಾವೆಲ್ಸ್ ಅಂಗಡಿಯವನು ಗೋಡೆಯ ಮೇಲಿನ ಭೂಪಟಕ್ಕೆ ಪೆನ್ನು ಒತ್ತಿ ತೋರಿಸಿದ.

"ನೋಡಿ ಮೇಡಂ, ಇಲ್ಲಿಂದ ಅರ್ಜೆಂಟೀನಾ, ಫ್ಲೈಟ್. ಅರ್ಜೆಂಟೀನಾದಿಂದ ಚಿಲಿ, ಅದೂ ಫ್ಲೈಟ್. ಎರಡು ಗಂಟೆ. ಟಿಕೆಟ್ ಹಾಕ್ಲಾ?"

"ಎರಡನೇದು ಬೇಡಪ್ಪ. ಬಸ್ಸಲ್ಲಿ ಹೋಗ್ತೀನಿ."

"ಬಸ್ಸಾ? ಜೊತೇಲಿ ಯಾರು?"

"ಯಾರೂ ಇಲ್ಲ."

ಅವನು ಪೆನ್ನಿನ ಮುಚ್ಚಳ ಹಾಕಿದ. "ಮೇಡಂ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅರ್ಜೆಂಟೀನಾ ವೀಸಾ ಸಿಂಗಲ್ ಎಂಟ್ರಿ. ಒಂದ್ಸಲ ಹೊರಗೆ ಬಂದ್ರೆ ಮತ್ತೆ ಒಳಗೆ ಬಿಡಲ್ಲ. ಗಡೀಲಿ ಚಿಲಿಯವರು ಏನಾದ್ರೂ ತಕರಾರು ತೆಗೆದ್ರೆ ನೀವು ಆ ಕಡೇನೂ ಇಲ್ಲ, ಈ ಕಡೇನೂ ಇಲ್ಲ. ಬೆಟ್ಟದ ಮೇಲೆ ಕೂರ್ಬೇಕು."

"ಯಾಕೆ ತಕರಾರು ತೆಗೀತಾರೆ? ನಾನು ಎಲ್ಲಾ ಸರಿಯಾಗಿ ಬರ್ಕೊಡ್ತೀನಿ."

"ಬಸ್ಸಲ್ಲಿ ಎಷ್ಟೊತ್ತು?"

"ಮೆಂಡೋಸಾ ಅನ್ನೋ ಊರಿಗೆ ಒಂದು ರಾತ್ರಿ. ಅಲ್ಲಿಂದ ಬೆಟ್ಟ ದಾಟೋಕೆ ಒಂದು ಹಗಲು."

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. "ಮೇಡಂ, ಬಸ್ಸಲ್ಲಿ ಕೂರ್ಬೇಕು ಅಂತ ಆಸೆ ಇದ್ರೆ ಸಂಜೆ ಹೊತ್ತು ಟಿನ್ ಫ್ಯಾಕ್ಟರಿ ಕಡೆ ಬಸ್ ಹತ್ತಿ. ಆ ಟ್ರಾಫಿಕ್ಕಲ್ಲಿ ಅಷ್ಟೇ ಹೊತ್ತಾಗತ್ತೆ. ವೀಸಾನೂ ಬೇಡ."

೨. ಬಸ್ಸು ಯಾರದು?

ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಮಗ ಹೋದ ಮೇಲೆ ಅತ್ತೆ ನನ್ನ ಜೊತೆಯಲ್ಲೇ ಉಳಿದರು. ಮಗಳ ಮನೆಗೆ ಕರೆದರೂ ಹೋಗಲಿಲ್ಲ.

ಅತ್ತೆಗೆ ವಾಹನ ಎಂದರೆ ಮೊದಲು ನಿಂಬೆಹಣ್ಣು, ಆಮೇಲೆ ಪೆಟ್ರೋಲು. ಮಗನ ಸ್ಕೂಟರು, ತಮ್ಮನ ಮಗನ ಕಾರು, ಎದುರುಮನೆಯವರ ಆಟೋ, ಯಾವುದು ದೂರ ಹೊರಟರೂ ಚಕ್ರದಡಿ ನಿಂಬೆಹಣ್ಣು ಇಟ್ಟು, ಅದು ಪಟ್ಟೆಂದು ಒಡೆದರೆ ಮಾತ್ರ ಒಳಗೆ ಬರುವವರು. ಒಮ್ಮೆ ಗ್ಯಾಸ್ ಸಿಲಿಂಡರಿನ ಲಾರಿಗೂ ಇಟ್ಟಿದ್ದರು.

ನಾನು ಹೊರಡುವ ಹಿಂದಿನ ದಿನ ದೇವಸ್ಥಾನಕ್ಕೆ ಹೋಗಿ ಒಂದು ನಿಂಬೆಹಣ್ಣನ್ನು ಮಂತ್ರಿಸಿಕೊಂಡು ಬಂದರು. ಕುಂಕುಮ ಹಚ್ಚಿ ನನ್ನ ಕೈಚೀಲದ ಪಕ್ಕದ ಜೇಬಿಗೆ ಹಾಕಿ ಜಿಪ್ ಎಳೆದರು.

"ಬೆಟ್ಟ ಇಳಿಯೋಕೆ ಮುಂಚೆ ಚಕ್ರದ ಕೆಳಗೆ ಇಡು. ಹತ್ತೋವಾಗ ಏನೂ ಆಗಲ್ಲ. ಇಳಿಯೋವಾಗ್ಲೇ ನೋಡ್ಕೋಬೇಕು."

"ಅತ್ತೆ, ಅದು ಬೇರೆ ದೇಶದ ಬಸ್ಸು. ನಿಲ್ಲಿಸಿ ನಿಂಬೆಹಣ್ಣು ಇಡ್ತೀನಿ ಅಂದ್ರೆ ಏನಂದ್ಕೋತಾರೆ? ಬಸ್ಸು ನಮ್ಮದಲ್ಲ."

"ಒಳಗೆ ಕೂರೋಳು ನಮ್ಮೋಳಲ್ವೇನೇ?"

"ಆಯ್ತು, ಇಡ್ತೀನಿ" ಎಂದುಬಿಟ್ಟೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ. ಬಂದ ಮೇಲೆ ಕೇಳದೇ ಬಿಡುವವರಲ್ಲ ಅತ್ತೆ. ಅವರಿಗೆ ಸುಳ್ಳು ಹೇಳುವುದು ನನಗೆ ಆಗದು.

೩. ಕರ್ಚೀಫು

ಅರ್ಜೆಂಟೀನಾದ ವಿಮಾನ ನಿಲ್ದಾಣದಲ್ಲಿ ನನ್ನ ಚೀಲವನ್ನು ಯಾರೂ ಬಿಚ್ಚಿಸಲಿಲ್ಲ. ರಾತ್ರಿ ಬಸ್ಸಿನಲ್ಲಿ ಮೆಂಡೋಸಾ ತಲುಪಿ, ಎರಡು ದಿನ ಸುಧಾರಿಸಿಕೊಂಡೆ. ಬೆಟ್ಟ ದಾಟುವ ಬಸ್ಸಿಗೆ ಬಲಗಡೆಯ ಕಿಟಕಿಯ ಸೀಟನ್ನೇ ಕೇಳಿ ತೆಗೆದುಕೊಂಡಿದ್ದೆ. ಬಸ್ಸು ಪಶ್ಚಿಮಕ್ಕೆ ಹೋಗುತ್ತದೆ, ಅತಿ ಎತ್ತರದ ಶಿಖರ ಅಕೊಂಕಾಗುವಾ ಉತ್ತರಕ್ಕಿದೆ, ಆದ್ದರಿಂದ ಬಲಗಡೆ. ಇಷ್ಟು ಭೂಗೋಳ ನನಗೆ ಗೊತ್ತು.

ನಮ್ಮ ಮನೆಯವರ ಜೊತೆ ಎಲ್ಲಿಗೇ ಹೋದರೂ ಕಿಟಕಿಯ ಸೀಟು ಅವರದು. ಹೊರಗೆ ನೋಡಿ ನೋಡಿ ನನಗೆ ವರದಿ ಒಪ್ಪಿಸುತ್ತಿದ್ದರು. ನಾನು ಅವರ ಭುಜಕ್ಕೆ ಒರಗಿ ನಿದ್ದೆ ಮಾಡುತ್ತಿದ್ದೆ. ಕಿಟಕಿಯ ಪಕ್ಕ ಕೂರುವುದು ನನಗೆ ಹೊಸದು.

ಬಸ್ಸು ಬಂದು ನಿಂತಿತು. ನನ್ನ ಟಿಕೆಟ್ಟಿನ ಮೇಲೆ ಸೀಟಿನ ನಂಬರ್ ಇತ್ತು, ಸೀಟಿನ ಮೇಲೂ ಅದೇ ನಂಬರ್ ಇತ್ತು. ಆದರೆ ಇಷ್ಟು ವರ್ಷ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ತಳ್ಳಾಡಿದ ಕೈ ಸುಮ್ಮನಿರಬೇಕಲ್ಲ. ಹೊರಗಿನಿಂದಲೇ ಕಿಟಕಿಯಲ್ಲಿ ಎಸೆಯೋಣವೆಂದರೆ ಗಾಜು ತೆರೆಯುವಂಥದ್ದಲ್ಲ. ಒಳಗೆ ಹತ್ತಿ, ಸೀಟಿನ ಮೇಲೆ ಕರ್ಚೀಫು ಹಾಸಿ, ನಿಶ್ಚಿಂತೆಯಿಂದ ಇಳಿದು ಮುಖ ತೊಳೆಯಲು ಹೋದೆ.

ವಾಪಸು ಬರುವಷ್ಟರಲ್ಲಿ ಬಸ್ಸಿನ ಸಹಾಯಕ ಮೈಕ್ ಹಿಡಿದು ಏನೋ ಕೂಗುತ್ತಿದ್ದ. ಇನ್ನೊಂದು ಕೈಯಲ್ಲಿ, ಎರಡೇ ಬೆರಳಲ್ಲಿ, ನನ್ನ ಕರ್ಚೀಫು. ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ನಾನು ಕೈ ಎತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ಇಂಗ್ಲಿಷ್ ಬಲ್ಲ ಒಬ್ಬರಿದ್ದರು, ಸಾಂಟಿಯಾಗೋದ ಹಲ್ಲಿನ ಡಾಕ್ಟರು. "ಏನಾದರೂ ಮರೆತಿರಾ?" ಎಂದು ಕೇಳಿದರು.

"ಮರೆತಿಲ್ಲ. ಸೀಟು ಹಿಡಿದಿದ್ದೆ."

"ನಂಬರ್ ಇದೆಯಲ್ಲ?"

"ಇದೆ. ಆದರೂ ಒಂದು ಭದ್ರತೆ."

ಅವರು ಅದನ್ನು ಸಹಾಯಕನಿಗೆ ತಿಳಿಸಿ ಹೇಳಿದರು. ಅವನು ಗಂಭೀರವಾಗಿ ತಲೆಯಾಡಿಸಿ, ಕರ್ಚೀಫನ್ನು ಮಡಿಸಿ ಮತ್ತೆ ನನ್ನ ಸೀಟಿನ ಮೇಲಿಟ್ಟ. ನಾನು ಅದನ್ನು ತೆಗೆದು ಕೂತುಕೊಳ್ಳುವವರೆಗೂ ಪಕ್ಕದಲ್ಲೇ ಕಾವಲು ನಿಂತಿದ್ದ.

೪. ಸೋರೆಬುರುಡೆ

ನನ್ನ ಪಕ್ಕದ ಸೀಟಿಗೆ ಒಬ್ಬ ಅಜ್ಜಿ ಬಂದು ಕೂತರು. ಮಗಳನ್ನು ನೋಡಲು ಚಿಲಿಗೆ ಹೊರಟವರು. ಬಸ್ಸು ಊರು ಬಿಟ್ಟಿದ್ದೇ ತಡ, ಚೀಲದಿಂದ ಒಂದು ಸಣ್ಣ ಸೋರೆಬುರುಡೆ ತೆಗೆದು, ಅದಕ್ಕೆ ಹಸಿರು ಸೊಪ್ಪಿನ ಪುಡಿ ತುಂಬಿ, ಫ್ಲಾಸ್ಕಿನಿಂದ ಬಿಸಿನೀರು ಸುರಿದರು. ಒಂದು ಲೋಹದ ಕೊಳವೆ ಸಿಕ್ಕಿಸಿ ತಾವು ಹೀರಿದರು. ಮತ್ತೆ ನೀರು ಹಾಕಿ ಅದೇ ಕೊಳವೆಯ ಸಮೇತ ನನ್ನ ಕಡೆ ಚಾಚಿದರು.

ಎಂಜಲು!

ನಮ್ಮ ಮನೆಯಲ್ಲಿ ನೀರಿನ ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತೇವೆ. ಕೊಳವೆಯನ್ನು ಎತ್ತಿ ಕುಡಿಯುವುದು ಹೇಗೆ? ನಾನು ಬುರುಡೆಯನ್ನು ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ನೋಡಿದೆ. ಹೊತ್ತು ಕಳೆಯಲೆಂದು, ಪುಸ್ತಕ ನೋಡಿ ಕಲಿತಿದ್ದ "ಗ್ರಾಸಿಯಾಸ್" ಎಂಬ ಧನ್ಯವಾದವನ್ನು ಹೇಳಿದೆ. ಅಜ್ಜಿಯ ಮುಖ ಸಪ್ಪಗಾಯಿತು. ಬುರುಡೆಯನ್ನು ವಾಪಸು ತೆಗೆದುಕೊಂಡು ತಾವೇ ಕುಡಿದರು.

ಡಾಕ್ಟರು ಹಿಂದೆ ತಿರುಗಿದರು. "ಇದನ್ನು ಕೊಟ್ಟಾಗ ಧನ್ಯವಾದ ಹೇಳಿದರೆ ಇನ್ನು ಸಾಕು ಎಂದು ಲೆಕ್ಕ. ನೀವು ಕುಡಿಯುವ ಮುಂಚೆಯೇ ಸಾಕು ಎಂದಿರಿ."

ಅಜ್ಜಿ ಕಿಟಕಿ ಇಲ್ಲದ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಸಂಕಟವಾಯಿತು. ಭುಜ ಮುಟ್ಟಿ, ಬುರುಡೆಯನ್ನು ತೋರಿಸಿ, ಕೈ ಚಾಚಿದೆ. ಅತ್ತೆ ಇಲ್ಲಿಲ್ಲ ಎಂದು ಧೈರ್ಯ ತಂದುಕೊಂಡು, ಕಣ್ಣು ಮುಚ್ಚಿ ಹೀರಿದೆ. ಬೇವಿನ ಕಷಾಯಕ್ಕೆ ಅಣ್ಣನಂಥ ಕಹಿ. ಆದರೆ ಅಜ್ಜಿಯ ಮುಖ ಅರಳಿತು.

ಈ ಸಲ ಧನ್ಯವಾದ ಹೇಳಬಾರದೆಂದು ಚೆನ್ನಾಗಿ ನೆನಪಿಟ್ಟುಕೊಂಡಿದ್ದೆ. ಹೇಳಲೇ ಇಲ್ಲ. ಅದು ಬರುತ್ತಲೇ ಇತ್ತು.

೫. ಹೌಸಿ

ಬೆಟ್ಟಗಳು ಹತ್ತಿರವಾದವು. ಮೊದಲು ಕಂದು, ಆಮೇಲೆ ಕೆಂಪು, ಆಮೇಲೆ ಹೆಸರಿಲ್ಲದ ಬಣ್ಣಗಳು. ಒಂದೂ ಮರವಿಲ್ಲ. ನಾನು ಹಲಗೆಯ ಮೇಲೆ ಎಳೆಯುತ್ತಿದ್ದ ಬಿಳಿ ಗೆರೆಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅಷ್ಟರಲ್ಲಿ ಸಹಾಯಕ ಎಲ್ಲರಿಗೂ ಒಂದೊಂದು ಚೀಟಿ ಹಂಚಿದ. ನೋಡಿದರೆ ನಮ್ಮ ಹೌಸಿ, ಕೂಗಿದ ನಂಬರನ್ನು ಚೀಟಿಯಲ್ಲಿ ಹೊಡೆದುಹಾಕುವ ಆಟ! ಕಂಟೋನ್ಮೆಂಟಿನಲ್ಲಿ ಬೆಳೆದವರಿಗೆ ಹೌಸಿ ಹೇಳಿಕೊಡಬೇಕೇ? ಶಾಲೆಯ ಮೇಳದಲ್ಲಿ ಪ್ರತಿ ವರ್ಷ ನಂಬರ್ ಕೂಗುವವಳೇ ನಾನು. ಪೆನ್ನು ತೆಗೆದು ನೆಟ್ಟಗೆ ಕೂತೆ. ಅವನು ಸ್ಪ್ಯಾನಿಷ್‌ನಲ್ಲಿ ಕೂಗತೊಡಗಿದ. ನನಗೆ ಹತ್ತರವರೆಗೆ ಮಾತ್ರ ಬರುತ್ತಿತ್ತು. ಅಜ್ಜಿ ತಮ್ಮ ಚೀಟಿಯ ಜೊತೆಗೆ ನನ್ನದರ ಮೇಲೂ ಬೆರಳಿಟ್ಟು ತೋರಿಸುತ್ತಿದ್ದರು.

ಆಗ ಬಲಗಡೆ ಕಣಿವೆಯೊಂದು ತೆರೆದುಕೊಂಡಿತು. ಅದರ ಕೊನೆಯಲ್ಲಿ, ಬಿಸಿಲಲ್ಲಿ, ಹಿಮ ಹೊದ್ದ ಅಕೊಂಕಾಗುವಾ.

ಪೆನ್ನು ಬಿದ್ದುಹೋಯಿತು. ಹಣೆಯನ್ನು ಗಾಜಿಗೆ ಒತ್ತಿ, ಕತ್ತೆತ್ತಿ ನೋಡಿದೆ. ಬೆಟ್ಟ ಮೇಲಿತ್ತು, ನಾನು ಕೆಳಗಿದ್ದೆ. "ರೀ, ನೋಡಿ" ಎಂದೆ. ಜೋರಾಗಿಯೇ ಅಂದಿರಬೇಕು. ಕಣಿವೆ ಮತ್ತೆ ಮುಚ್ಚಿಕೊಳ್ಳುವವರೆಗೂ ನನ್ನ ಹಿಂದೆ ಏನು ನಡೆಯಿತೋ ಗೊತ್ತಿಲ್ಲ.

ತಿರುಗಿದರೆ ಅಜ್ಜಿ ನನ್ನ ಚೀಟಿಯನ್ನು ಬಾವುಟದಂತೆ ಆಡಿಸುತ್ತ ಕಿರುಚುತ್ತಿದ್ದರು. ಇಡೀ ಬಸ್ಸು ಚಪ್ಪಾಳೆ ತಟ್ಟುತ್ತಿತ್ತು. ನಾನು ಗೆದ್ದಿದ್ದೆ. ನನ್ನ ಕಣ್ಣಲ್ಲಿ ನೀರು ನೋಡಿ ಡಾಕ್ಟರು ಮೆಲ್ಲಗೆ ಕೇಳಿದರು, "ಮೊದಲ ಸಲ ಗೆಲ್ಲುತ್ತಿದ್ದೀರಾ?"

ಹೌದೆಂದು ತಲೆಯಾಡಿಸಿದೆ. ಸಹಾಯಕ ಬಂದು ಬಹುಮಾನವನ್ನು ಎರಡು ಕೈಯಲ್ಲೂ ಹಿಡಿದು ನನ್ನ ತೊಡೆಯ ಮೇಲಿಟ್ಟ. ಒಂದು ದೊಡ್ಡ ಬಾಟಲಿ ಕೆಂಪು ವೈನು. ಮಗ್ಗುಲಲ್ಲಿ ಮಂತ್ರಿಸಿದ ನಿಂಬೆಹಣ್ಣು, ಮಡಿಲಲ್ಲಿ ಹೆಂಡ. ಅತ್ತೆ ನೋಡಿದ್ದರೆ ಎರಡರಲ್ಲಿ ಒಂದನ್ನು ನನ್ನ ತಲೆಯ ಮೇಲೇ ಒಡೆಯುತ್ತಿದ್ದರು.

೬. ನಾಯಿ ಕೂತಿತು

ದೊಡ್ಡ ಸುರಂಗ ದಾಟಿದ ಮೇಲೆ ಗಡಿಯ ಕಟ್ಟಡ. ಕೈ ಸೆಟೆದುಹೋಗುವಂಥ ಚಳಿ. ಎಲ್ಲರನ್ನೂ ಇಳಿಸಿದರು. ಒಂದು ಕಿಟಕಿಯಲ್ಲಿ ನಾನು ಅರ್ಜೆಂಟೀನಾ ಬಿಟ್ಟೆನೆಂದು ಮುದ್ರೆ ಬಿತ್ತು. ಅಲ್ಲಿಗೆ ಹಿಂದಿನ ಬಾಗಿಲು ಮುಚ್ಚಿತು.

ಚಿಲಿಯವರಿಗೆ ತಮ್ಮ ತೋಟಗಳ ಮೇಲೆ ಜೀವ. ಹೊರಗಿನ ಹಣ್ಣು, ಬೀಜ, ಹುಳು ಯಾವುದನ್ನೂ ಒಳಗೆ ಬಿಡುವುದಿಲ್ಲ. ತಿನ್ನುವ ವಸ್ತು ಏನೇನಿದೆ ಎಂದು ಬಸ್ಸಿನಲ್ಲೇ ಬರೆಸಿಕೊಂಡಿದ್ದರು. ನಾನು ಒಂದನ್ನೂ ಬಿಡದೆ ಬರೆದಿದ್ದೆ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಹುರಿಗಾಳು, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಒಂದೊಂದು ವಿವರಣೆ. ನನ್ನ ಕಾಗದ ನೋಡಿ ಅಧಿಕಾರಿಣಿ, "ಎಲ್ಲರೂ ಹೀಗೆ ಬರೆದರೆ ಎಷ್ಟು ಚೆನ್ನ" ಎಂದಳಂತೆ. ಡಾಕ್ಟರು ಅನುವಾದಿಸಿದಾಗ ನನಗೆ ಹೆಮ್ಮೆಯಾಯಿತು.

ಆಮೇಲೆ ಚೀಲಗಳನ್ನೆಲ್ಲ ಸಾಲಾಗಿ ಇಡಿಸಿ ಒಂದು ನಾಯಿಯನ್ನು ಬಿಟ್ಟರು. ಹಲಸೂರಿನ ಬೀದಿನಾಯಿಗಳ ದೆಸೆಯಿಂದ ನನಗೆ ನಾಯಿ ಎಂದರೆ ಮೊದಲೇ ಭಯ. ಈ ನಾಯಿ ಬೊಗಳಲಿಲ್ಲ, ಕಚ್ಚಲಿಲ್ಲ. ಸಾಲಿನುದ್ದಕ್ಕೂ ಮೂಸುತ್ತ ಬಂದು ನನ್ನ ಕೈಚೀಲದ ಮುಂದೆ ಮರ್ಯಾದೆಯಾಗಿ ಕೂತುಕೊಂಡಿತು. ಒಳ್ಳೆಯ ನಾಯಿ ಎಂದುಕೊಂಡೆ. ಸುತ್ತಲಿನವರೆಲ್ಲ ಉಸಿರು ಬಿಗಿಹಿಡಿದಾಗಲೇ ಗೊತ್ತಾದದ್ದು, ಅದು ಕೂರಬಾರದಿತ್ತು.

ಅಧಿಕಾರಿಣಿ ಜಿಪ್ ತೆಗೆದಳು. ಕುಂಕುಮ ಹಚ್ಚಿದ, ಸ್ವಲ್ಪ ಬಾಡಿದ ನಿಂಬೆಹಣ್ಣು ಹೊರಗೆ ಬಂತು. ಡಾಕ್ಟರನ್ನು ನಡುವೆ ನಿಲ್ಲಿಸಿಕೊಂಡು ವಿಚಾರಣೆ ಶುರುವಾಯಿತು.

"ಇದನ್ನು ಯಾಕೆ ಬರೆದಿಲ್ಲ?"

"ತಿನ್ನುವುದನ್ನು ಬರೆಯಿರಿ ಎಂದಿದ್ದಿರಿ. ಇದು ತಿನ್ನುವುದಲ್ಲ."

"ನಿಂಬೆಹಣ್ಣು ತಿನ್ನುವುದಲ್ಲವೇ?"

"ಬೇರೆ ನಿಂಬೆಹಣ್ಣು ತಿನ್ನುತ್ತೇವೆ. ಇದನ್ನಲ್ಲ."

"ಮತ್ತೆ ಇದನ್ನು ಏನು ಮಾಡುತ್ತೀರಿ?"

"ಬಸ್ಸಿನ ಚಕ್ರದ ಕೆಳಗೆ ಇಡುತ್ತೇವೆ."

ಡಾಕ್ಟರು ಅನುವಾದಿಸಲಿಲ್ಲ. "ಅಮ್ಮಾ, ಇದು ಸರ್ಕಾರಿ ವಿಚಾರಣೆ" ಎಂದು ನನ್ನನ್ನೇ ಎಚ್ಚರಿಸಿದರು.

"ನಿಜವನ್ನೇ ಹೇಳುತ್ತಿದ್ದೇನೆ. ಬೆಟ್ಟ ಇಳಿಯುವ ಮುಂಚೆ ಇಡುತ್ತೇವೆ, ಬಸ್ಸು ಕ್ಷೇಮವಾಗಿ ಇಳಿಯಲಿ ಎಂದು. ನನ್ನ ಅತ್ತೆ ಕೊಟ್ಟದ್ದು."

ಅವರು ಒಂದೊಂದೇ ಪದವನ್ನು ಇಳಿಸಿದರು. ಅಧಿಕಾರಿಣಿ ನಗಲಿಲ್ಲ. ಬರೆಯದ ಹಣ್ಣಿಗೆ ದಂಡ ಹಾಕಬಹುದು, ಪ್ರವೇಶವನ್ನೇ ನಿಲ್ಲಿಸಲೂಬಹುದು ಎಂದಳು. ಶಿವಾಜಿನಗರದವನ ಪೆನ್ನಿನ ಮುಚ್ಚಳ ನನ್ನ ಕಣ್ಣ ಮುಂದೆ ಬಂತು. ಅಟ್ಲಾಸಿನಲ್ಲಿ ಎರಡು ಬಣ್ಣಗಳ ನಡುವೆ ಒಂದು ಕಪ್ಪು ಗೆರೆ ಇರುತ್ತದಲ್ಲ, ನಾನು ಸರಿಯಾಗಿ ಅದರ ಮೇಲೆ ನಿಂತಿದ್ದೆ. ಇಲ್ಲಿಂದ ಹಿಂದೆ ಕಳಿಸಿದರೆ ಬೆಟ್ಟವನ್ನು ಅರ್ಧ ದಾಟಿದಂತಾಯಿತು. ಅರ್ಧ ದಾಟಿದ ಪಾಠವನ್ನು ಯಾವ ಮುಖ ಹೊತ್ತು ಮಾಡಲಿ?

ಅಷ್ಟರಲ್ಲಿ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮ ಡ್ರೈವರ್ ಲೋಟ ಕೆಳಗಿಟ್ಟು ಬಂದ. ಅವನ ಕನ್ನಡಿಗೆ ಕೆಂಪು ರಿಬ್ಬನ್, ಸಂತರ ಪಟ, ಮಗುವಿನ ಒಂದು ಸಣ್ಣ ಬೂಟು, ಮೂರೂ ಜೋತುಬಿದ್ದಿದ್ದನ್ನು ನಾನು ಹತ್ತುವಾಗಲೇ ನೋಡಿದ್ದೆ.

"ಎಲ್ಲಿ ಇಳಿಯುವುದಕ್ಕೆ?" ಎಂದು ಕೇಳಿದ.

ನಾನು ಕೆಳಗೆ ತೋರಿಸಿದೆ. ಕಟ್ಟಡದ ಆಚೆ ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಪಾತಾಳಕ್ಕೆ ಇಳಿಯುತ್ತಿತ್ತು. ಅವನು ರಸ್ತೆ ನೋಡಿದ, ನಿಂಬೆಹಣ್ಣು ನೋಡಿದ, ಅಧಿಕಾರಿಣಿಯ ಕಡೆ ತಿರುಗಿದ.

"ಈ ಹಣ್ಣನ್ನು ನೀವೇನು ಮಾಡುತ್ತೀರಿ?"

"ನಾಶ ಮಾಡುತ್ತೇವೆ. ಅದೇ ನಿಯಮ."

"ನನ್ನ ಬಸ್ಸು ಹತ್ತಿಸಿದರೆ ನಾಶವಾಗುವುದಿಲ್ಲವೇ?"

ಅವಳು ಯೋಚಿಸಿದಳು. ಒಳಗೆ ಹೋಗಿ ಹಿರಿಯ ಅಧಿಕಾರಿಯನ್ನು ಕೇಳಿಕೊಂಡು ಬಂದಳು. ನಾಶ ತಮ್ಮ ಕಣ್ಣೆದುರೇ ನಡೆಯಬೇಕು, ಒಂದು ಬೀಜವೂ ನೆಲಕ್ಕೆ ಬೀಳಬಾರದು, ಅಷ್ಟೇ. ಪ್ಲಾಸ್ಟಿಕ್ ಹಾಳೆ ಬಂತು. ಬಸ್ಸಿನವರೆಲ್ಲ ಸುತ್ತ ನಿಂತರು. ಡ್ರೈವರ್ ನಿಂಬೆಹಣ್ಣನ್ನು ಎರಡು ಕೈಯಲ್ಲಿ ಹಿಡಿದು ನನ್ನನ್ನು ಕೇಳಿದ, "ಯಾವ ಚಕ್ರ?"

ಇದು ಕಷ್ಟದ ಪ್ರಶ್ನೆ. ನಮ್ಮಲ್ಲಿ ಒಂದೇ ಹಣ್ಣಿದ್ದರೆ ಮುಂದಿನ ಬಲಗಡೆಯ ಚಕ್ರ. ಅದು ಬಲ ಎಂದೋ, ಡ್ರೈವರ್ ಕೂರುವ ಕಡೆ ಎಂದೋ? ಇಲ್ಲಿ ಡ್ರೈವರ್ ಕೂರುವುದು ಎಡಗಡೆ. ಅತ್ತೆಯನ್ನು ಕೇಳೋಣವೆಂದರೆ ಹಲಸೂರಿನಲ್ಲಿ ಎಲ್ಲರೂ ಮಲಗಿರುವ ಹೊತ್ತು. ಪಾಠ ಹೇಳುವವಳು ತಡವರಿಸಬಾರದು. "ಬಲ" ಎಂದೆ.

ಬಸ್ಸು ಒಂದು ಮಾರು ಮುಂದೆ ಬಂತು. ಪಟ್ಟೆಂದು ಸದ್ದಾಯಿತು. ಎಂಥ ಚಪ್ಪಾಳೆ! ಅಜ್ಜಿ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ರಸ ಸಿಡಿದು ನಾಯಿ ಸೀನಿತು. ಅಧಿಕಾರಿಣಿ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ ಗಂಟು ಕಟ್ಟಿ, ನನ್ನ ಕೈಚೀಲದ ತಪಾಸಣೆ ಮುಂದುವರಿಸಿದಳು. ವೈನ್ ಬಾಟಲಿ ಸಿಕ್ಕಿತು. ಎತ್ತಿ ಹಿಡಿದು ಹೆಸರು ಓದಿ, "ಒಳ್ಳೆಯ ವೈನು" ಎಂದು ಜೋಪಾನವಾಗಿ ವಾಪಸಿಟ್ಟಳು. ಪಾಸ್‌ಪೋರ್ಟಿಗೆ ಮುದ್ರೆ ಬಿತ್ತು.

ಹೆಂಡವನ್ನು ಒಳಗೆ ಬಿಟ್ಟು ದೇವರ ಪ್ರಸಾದವನ್ನು ಹಿಡಿದ ದೇಶ ನನ್ನ ಅಟ್ಲಾಸಿನಲ್ಲಿ ಅದೊಂದೇ.

೭. ಇನ್ನೊಂದು ಸಲ

ಬಾಟಲಿಯನ್ನು ಸಾಂಟಿಯಾಗೋದಲ್ಲಿ ಇಳಿಯುವಾಗ ಅಜ್ಜಿಗೆ ಕೊಟ್ಟೆ. ಅವರು "ಗ್ರಾಸಿಯಾಸ್" ಎಂದರು. ಸಾಕು ಎಂಬ ಅರ್ಥದಲ್ಲಿ ಅಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹಲಸೂರಿಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಬುರುಡೆಯ ವಿಷಯ ಬಿಟ್ಟು. ಬೆಟ್ಟ ಕಂಡದ್ದನ್ನು ಎರಡು ಸಲ ಹೇಳಿಸಿಕೊಂಡರು. ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ ಕೇಳಿದರು, "ಬಸ್ಸಿಗೆ ಎಷ್ಟು ಚಕ್ರ?"

"ಎಣಿಸಲಿಲ್ಲ ಅತ್ತೆ. ಬಹಳ ಇತ್ತು."

"ಒಂದಕ್ಕೆ ಮಾತ್ರ ಇಟ್ರಾ? ಮಿಕ್ಕ ಚಕ್ರ ಏನು ಪಾಪ ಮಾಡಿತ್ತು?"

ಶಾಲೆ ಶುರುವಾಯಿತು. ದಕ್ಷಿಣ ಅಮೆರಿಕದ ಪಾಠ ಬಂತು. ಪಕ್ಕದ ತರಗತಿಯ ಮೇಷ್ಟ್ರು ತಾವಾಗಿಯೇ ಸೀಮೆಸುಣ್ಣ ಹಿಡಿದು ಬಾಗಿಲಿಗೆ ಬಂದರು. "ಬೇಡ ಸಾರ್, ನಾನೇ ಮಾಡ್ತೀನಿ" ಎಂದೆ. ಆ ದಿನ ಹಲಗೆಯ ಮೇಲೆ ಬಿಳಿ ಸಾಲಲಿಲ್ಲ. ಕಂದು, ಕೆಂಪು, ಇದ್ದ ಬಣ್ಣವೆಲ್ಲ ಮುಗಿಯಿತು. ಗಂಟೆ ಹೊಡೆದ ಮೇಲೂ ಅಳಿಸಲು ಯಾರನ್ನೂ ಬಿಡಲಿಲ್ಲ.

ಕೆಲವು ತಿಂಗಳ ಮೇಲೆ ಸಾಂಟಿಯಾಗೋದಿಂದ ನನ್ನ ವಿದ್ಯಾರ್ಥಿನಿಯ ಫೋನು. ಅವಳು ರಜಕ್ಕೆ ಮೆಂಡೋಸಾಕ್ಕೆ ಹೋಗಿ ಬಸ್ಸಿನಲ್ಲಿ ವಾಪಸು ಬಂದಿದ್ದಳು.

"ಮಿಸ್, ಏನು ಮಾಡಿ ಹೋಗಿದ್ದೀರಾ ನೀವು? ಮೆಂಡೋಸಾ ಬಸ್ ಸ್ಟ್ಯಾಂಡಲ್ಲಿ ಡ್ರೈವರ್ ಇಳಿದು ಚಕ್ರದ ಕೆಳಗೆಲ್ಲಾ ನಿಂಬೆಹಣ್ಣು ಇಡ್ತಿದ್ದಾನೆ! ಯಾಕಪ್ಪಾ ಅಂತ ಕೇಳಿದ್ರೆ, ಇಂಡಿಯಾದಿಂದ ಒಬ್ಬ ಪ್ರೊಫೆಸರ್ ಬಂದು ಕಲಿಸಿಕೊಟ್ಟಿದ್ದು, ಅವತ್ತಿಂದ ಒಂದೂ ಪಂಕ್ಚರ್ ಆಗಿಲ್ಲ ಅಂತಾನೆ. ಪಕ್ಕದ ಬಸ್ಸಿನವನೂ ಇಡ್ತಿದ್ದ!"

ನಗು ತಡೆಯಲಾರದೆ ಅತ್ತೆಗೆ ಹೇಳಿದೆ. ಅವರು ನಗಲಿಲ್ಲ. ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟರು.

"ಎಲ್ಲಾ ಚಕ್ರಕ್ಕೂ ಇಟ್ಟನಂತಾ?"

"ಹೂಂ ಅತ್ತೆ, ಎಲ್ಲಾದಕ್ಕೂ."

"ಮಂತ್ರಿಸಿದ್ದನಂತಾ?"

"ಅವನಿಗೆಲ್ಲಿ ಗೊತ್ತು ಅತ್ತೆ? ಅಂಗಡಿಯಿಂದ ತಂದು ಹಾಗೇ ಇಟ್ಟಿರ್ತಾನೆ."

"ಅಯ್ಯೋ ದೇವ್ರೇ, ಬರೀ ಹಣ್ಣು!" ಎಂದು ಹಣೆ ಚಚ್ಚಿಕೊಂಡರು. "ಇದನ್ನ ಹೀಗೇ ಬಿಡೋಕಾಗತ್ತೇನೇ? ಬರೋ ರಜಕ್ಕೆ ಟಿಕೆಟ್ ಮಾಡ್ಸು, ನಾನೇ ಬಂದು ಹೇಳಿಕೊಡ್ತೀನಿ."

ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ಅಡುಗೆಮನೆಯ ಕಡೆ ಹೆಜ್ಜೆ ಹಾಕಿದೆ. ಹಿಂದಿನಿಂದ ಅತ್ತೆಯ ದನಿ, ಥೇಟ್ ಮಗನದೇ ದನಿ, ಕೇಳಿಸಿತು.

"ಏಯ್, ಈಗ್ಲೇ ಹೇಳಿದೀನಿ. ಕಿಟಕಿ ಪಕ್ಕ ನಂಗೆ."